ಶ್ರಾವಣದ ಭಜನೆಗೂ ಅಲಾವಿ ಹಬ್ಬಕ್ಕೂ ಪದ ಕೊಟ್ಟವರು

ತಾನೇ ಪದ ಕಟ್ಟಿ, ತಾನೇ ಹಾಡಿ, ಯಾವ ಕಂಪನಿಯ ಹಂಗೂ ಇಲ್ಲದೆ ನಾಲ್ಕಾರು ಸಂಗೀತ ಪರಂಪರೆಗಳನ್ನು ಬೆರೆಸುವ ಹಾಡುಗಾರರನ್ನು ನಾವೀಗ ಮಹಾನಗರದ ಕೂಸುಗಳೆಂದೇ ಭಾವಿಸಿದ್ದೇವೆ. ಕುಂದಗೋಳ ಸೀಮೆಯ ಇತಿಹಾಸ ಇದನ್ನು ಒಪ್ಪುವುದಿಲ್ಲ. 1819ರಲ್ಲಿ ತತ್ವಪದಕಾರ ಷರೀಫರು ಹುಟ್ಟಿದ ಶಿಶುನಾಳ ಈಗ ಹಾವೇರಿ ಜಿಲ್ಲೆಯಲ್ಲಿದೆ; 1997ರಲ್ಲಿ ಆ ಜಿಲ್ಲೆಯಾಗುವವರೆಗೆ ಅದು ಧಾರವಾಡದ್ದೇ ಊರು. ಅವರ ಗುರು ಗೋವಿಂದ ಭಟ್ಟರು ಕುಂದಗೋಳ ತಾಲ್ಲೂಕಿನ ಕಳಸದವರು, ಮಡದಿ ಫಾತಿಮಾ ಕುಂದಗೋಳದವರು. ಅಂದರೆ ಅವರ ಕಲಿಕೆ, ನೆಂಟಸ್ತನ, ತಿರುಗಾಟ ಎಲ್ಲವೂ ಈ ಎರೆಭೂಮಿಯಲ್ಲೇ ನಡೆದವು. ನಾವು ಅವರನ್ನು ಸಂತರೆಂದು ಪೂಜಿಸಿದೆವು, ಭಾವೈಕ್ಯದ ಹರಿಕಾರರೆಂದು ವೇದಿಕೆಗಳಲ್ಲಿ ಕೊಂಡಾಡಿದೆವು. ಈ ಭಕ್ತಿಯ ಭರದಲ್ಲಿ ಹಾಡು ಕಟ್ಟುವ ಕಸುಬಿನ ಷರೀಫರನ್ನು ಹಿಂದಕ್ಕೆ ಸರಿಸಿಬಿಟ್ಟೆವು. ಅವರ ಪದಗಳಲ್ಲಿ ಕಾಣುವ ಬೆರಕೆಗೆ ಸೌಹಾರ್ದದ ಉಪದೇಶಕ್ಕಿಂತ ಊರಿನ ಹಾಡುವ ಮೇಳಗಳ ಅಗತ್ಯವೇ ಹೆಚ್ಚು ಕಾರಣ ಎಂಬುದು ನನ್ನ ವಾದ.

ಈ ಭಾಗದ ಹಳ್ಳಿಯ ವರ್ಷವನ್ನು ಹಾಡಿನ ಲೆಕ್ಕದಲ್ಲಿ ನೋಡಬೇಕು. ಶ್ರಾವಣ ಬಂತೆಂದರೆ ಗುಡಿಯಲ್ಲಿ ಭಜನೆ. ಒಬ್ಬ ಪಲ್ಲವಿ ಎತ್ತಿಕೊಡುತ್ತಾನೆ, ಮೇಳ ಅದನ್ನು ಹಿಡಿಯುತ್ತದೆ. ನುಡಿ ಮುಗಿದಾಗಲೆಲ್ಲ ಎಲ್ಲರೂ ಪಲ್ಲವಿಗೆ ಮರಳುತ್ತಾರೆ, ತಾಳ ದಮ್ಮಡಿಗಳ ನಡೆ ಏರುತ್ತ ಹೋಗುತ್ತದೆ, ಕೊನೆಯ ನುಡಿಯಲ್ಲಿ ಅಂಕಿತ ಬರುತ್ತದೆ. ಮೊಹರಂ ಬಂದರೆ ಅದೇ ಊರಿನಲ್ಲಿ ಅಲಾವಿ ಕುಣಿ ತೋಡಿ ಬೆಂಕಿ ಹಾಕುತ್ತಾರೆ, ಹಲಗೆ ಬಡಿತಕ್ಕೆ ಹೆಜ್ಜೆ ಮೇಳ ಕುಣಿಯುತ್ತದೆ, ಹಸನ್ ಹುಸೇನರ ಕರ್ಬಲಾ ಕಥೆ ಕನ್ನಡದ ರಿವಾಯತ ಪದವಾಗಿ ಹೊರಡುತ್ತದೆ. ಅಲ್ಲಿ ಹೆಜ್ಜೆ ಹಾಕುವವರಲ್ಲಿ ಹಿಂದೂಗಳೂ ಇರುತ್ತಾರೆ. ಮುಸಲ್ಮಾನರ ಮನೆಯೇ ಇಲ್ಲದ ಹಳ್ಳಿಗಳೂ ಈ ಭಾಗದಲ್ಲಿ ಪಂಜಾ ಕೂಡಿಸುತ್ತವೆ. ಗುಡಿಯಲ್ಲಿ ಭಜನೆ ಹಾಡಿದ ಕಂಠವೇ ಅಲಾವಿ ಹಬ್ಬದಲ್ಲೂ ದನಿಗೂಡಿಸುವ ಊರಿನಲ್ಲಿ ಪದ ಕಟ್ಟುವವನು ಒಂದೇ ಮಟ್ಟಿಗೆ ಅಂಟಿಕೊಂಡು ಕೂರಲಾರ. ಷರೀಫರು ತತ್ವಪದಗಳನ್ನೂ ಕಟ್ಟಿದರು, ರಿವಾಯತಗಳನ್ನೂ ಕಟ್ಟಿದರು. ಕರ್ಬಲಾದ ಶೋಕಕ್ಕೆ ಒಗ್ಗಿದ ಕನ್ನಡವೇ ಗುರುಸ್ತುತಿಗೂ ದೇಹದ ನಶ್ವರತೆಗೂ ಒದಗಿತು. ಶರಣರ ಬೆಡಗು, ಕೈವಲ್ಯ ಪದಕಾರರ ಅನುಭಾವ, ಸೂಫಿಗಳ ಗುರುನಿಷ್ಠೆ ಒಂದರೊಳಗೊಂದು ಸೇರಿಕೊಂಡದ್ದು ಈ ಹಾಡಿಕೆಯ ನೆಲದ ಮೇಲೆ.

ಇದನ್ನು ಸ್ವತಂತ್ರ ಹಾಡುಗಾರಿಕೆ ಎನ್ನಬಹುದೇ? ಗುರುವಿಗೆ ಶರಣಾದವರು, ಊರದೇವರ ಹೆಸರಿನಲ್ಲಿ ಅಂಕಿತ ಹಾಕಿದವರು ಹೇಗೆ ಸ್ವತಂತ್ರರು ಎಂಬ ಆಕ್ಷೇಪ ಸಹಜವೇ. ಆದರೆ ಹಾಡುಗಾರನ ಸ್ವಾತಂತ್ರ್ಯವನ್ನು ಅಳೆಯಬೇಕಾದದ್ದು ಅವನು ಯಾರಿಗೆ ತಲೆಬಾಗಿದ ಎಂಬುದರಿಂದಲ್ಲ, ಯಾರ ಅಪ್ಪಣೆಗೆ ಪದ ಬರೆದ ಎಂಬುದರಿಂದ. ಷರೀಫರು ಮುಲ್ಕಿ ಪರೀಕ್ಷೆ ಪಾಸಾದವರು. ಮುಂಬಯಿ ಸರಕಾರದ ಆಳ್ವಿಕೆಯ ಧಾರವಾಡದಲ್ಲಿ ಅದು ನೌಕರಿಯ ಬಾಗಿಲು ತೆರೆಯುವ ಪರೀಕ್ಷೆ. ಕೆಲಕಾಲ ಮಾಸ್ತರಿಕೆ ಮಾಡಿ, ಬಿಟ್ಟು, ಪದಗಳ ಹಾದಿ ಹಿಡಿದರು. ಆಸ್ಥಾನ ಸೇರಲಿಲ್ಲ, ಮಠದ ಪೀಠ ಏರಲಿಲ್ಲ. ಗೋವಿಂದ ಭಟ್ಟರು ಶಿಷ್ಯನಿಗೆ ಜನಿವಾರ ಹಾಕಿದರೆಂಬ ಐತಿಹ್ಯವನ್ನು ಎಲ್ಲರೂ ಬಲ್ಲರು. ಆ ಗುರುವೂ ತನ್ನ ಅಗ್ರಹಾರದ ಕಟ್ಟಳೆಗೆ ಹೊರಗಾಗಿ ನಡೆದವರೇ. ಅವರಿಂದ ಬಂದ ದೀಕ್ಷೆ ಕಟ್ಟಿಹಾಕುವ ಬಗೆಯದಾಗಿರಲಿಲ್ಲ. ನವಲಗುಂದದ ನಾಗಲಿಂಗ ಸ್ವಾಮಿಗಳು, ಗರಗದ ಮಡಿವಾಳಪ್ಪನವರ ಜೊತೆಗಿನ ಒಡನಾಟವನ್ನೂ ಜನ ನೆನೆಯುತ್ತಾರೆ. ಪದಗಳ ವಸ್ತುವನ್ನೇ ನೋಡಿದರೂ ಅಷ್ಟೇ. ಸೋರುವ ಮಾಳಿಗೆ, ಗುಡುಗುಡಿ, ಕೊನೆಗೆ ಹತ್ತಿಯ ಸೀಮೆಗೆ ಹೊಸದಾಗಿ ಬಂದ ಗಿರಣಿ ಕೂಡ ಅವರಿಗೆ ಪದವಾಯಿತು. ಯಂತ್ರವನ್ನು ಕಂಡು ಅದರಲ್ಲಿ ದೇಹದ ತತ್ವ ಹುಡುಕಲು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇನ್ನೂ ಗಟ್ಟಿಯಾದ ಆಕ್ಷೇಪವೊಂದಿದೆ. ಷರೀಫರ ದನಿಯನ್ನು ಹಿಡಿದಿಟ್ಟ ಧ್ವನಿಮುದ್ರಿಕೆ ಇಲ್ಲ, ಸ್ವರಲಿಪಿಯೂ ಇಲ್ಲ. ಅವರು ಬೆರೆಸಿದ್ದು ಧರ್ಮಗಳನ್ನೇ ಹೊರತು ಸಂಗೀತವನ್ನು ಎಂದು ಹೇಗೆ ಹೇಳುವುದು? ಉತ್ತರ ಪದಗಳ ಕಟ್ಟಿನಲ್ಲಿದೆ. ಮೇಳ ಮರಳಿ ಮರಳಿ ಹಿಡಿಯಲೆಂದೇ ಗಿಡ್ಡ ಪಲ್ಲವಿ, ತಾಳಕ್ಕೆ ಬೀಳುವ ಪ್ರಾಸ, ಒಂದೇ ಅಳತೆಯಲ್ಲಿ ಸಾಗುವ ನುಡಿ: ಓದುವುದಕ್ಕಾಗಿ ಬರೆದವರು ಹೀಗೆ ಕಟ್ಟುವುದಿಲ್ಲ. ಒಂದನ್ನೊಂದು ನುಂಗುತ್ತ ಹೋಗುವ ಆ ಪ್ರಸಿದ್ಧ ಒಗಟಿನ ಪದವನ್ನೇ ತೆಗೆದುಕೊಳ್ಳಿ. ಅರ್ಥಕ್ಕೆ ತಡಕಾಡುವವರೂ ಅದನ್ನು ತಪ್ಪಿಲ್ಲದೆ ಹಾಡುತ್ತಾರೆ, ಏಕೆಂದರೆ ಪ್ರತಿ ಸಾಲೂ ಹಿಂದಿನ ಸಾಲಿನ ಅಚ್ಚಿನಲ್ಲೇ ಬರುತ್ತದೆ. ನುಂಗುವುದು, ನುಂಗಿಸಿಕೊಳ್ಳುವುದು ಮಾತ್ರ ಬದಲು. ಇನ್ನು ತಂಬೂರಿಯ ಪದದಲ್ಲಿ ಸ್ವರ ತಿಳಿಯದೆ ವಾದ್ಯಕ್ಕೆ ಕೈ ಹಾಕುವವನಿಗೆ ಬಿಸಿ ಮುಟ್ಟಿಸಿದ್ದಾರೆ. ಅದರ ಒಳಗೆ ಅಧ್ಯಾತ್ಮವಿದೆ ನಿಜ, ಆದರೆ ಶ್ರುತಿಯ ಶಿಸ್ತು ಗೊತ್ತಿಲ್ಲದವರಿಗೆ ಆ ರೂಪಕ ಹೊಳೆಯುವಂಥದ್ದಲ್ಲ.

ಪಕ್ಕದಲ್ಲೇ ಬೆಳೆದ ಇನ್ನೊಂದು ಸಂಗೀತದ ಜೊತೆಗಿಟ್ಟು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಷರೀಫರು ತೀರಿಕೊಂಡದ್ದು 1889ರಲ್ಲಿ. ಅದಕ್ಕೆ ಮೂರು ವರ್ಷ ಮೊದಲು ಕುಂದಗೋಳದಲ್ಲಿ ರಾಮಭಾವು ಹುಟ್ಟಿದ್ದರು, ಮುಂದೆ ಸವಾಯಿ ಗಂಧರ್ವರಾದವರು. ಕುಂದಗೋಳ ಆಗ ಜಮಖಂಡಿ ಸಂಸ್ಥಾನದ ಊರು. ಉತ್ತರದ ಕಿರಾನಾದಿಂದ ಬಂದ ಅಬ್ದುಲ್ ಕರೀಮ್ ಖಾನರಲ್ಲಿ ರಾಮಭಾವು ಕಲಿತರು, ಮರಾಠಿ ರಂಗಭೂಮಿಯಲ್ಲಿ ಹೆಸರು ಮಾಡಿದರು. ಅವರಲ್ಲಿ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಕಲಿತರು. ಇಲ್ಲಿ ಮುಸಲ್ಮಾನರು ಗುರು, ಬ್ರಾಹ್ಮಣರು ಶಿಷ್ಯ. ಶಿಶುನಾಳ–ಕಳಸದಲ್ಲಿ ಬ್ರಾಹ್ಮಣರು ಗುರು, ಮುಸಲ್ಮಾನರು ಶಿಷ್ಯ. ಆದರೆ ಖಯಾಲಿಗೆ ಘರಾಣೆಯಿತ್ತು, ಕುಂದಗೋಳದ ನಾಡಿಗೇರ ಮನೆತನದ ವಾಡೆಯ ಆಸರೆಯಿತ್ತು, ನಾಟಕ ಕಂಪನಿಯ ಸಂಬಳವಿತ್ತು, ಗ್ರಾಮಫೋನ್ ತಟ್ಟೆಯಿತ್ತು. ಷರೀಫರ ಪದಕ್ಕೆ ಇವು ಯಾವುವೂ ಇರಲಿಲ್ಲ. ರೈತರ, ನೇಕಾರರ, ಹೆಣ್ಣುಮಕ್ಕಳ ಬಾಯಲ್ಲಿ ಉಳಿದೇ ಅದು ಮುಂದಿನ ಶತಮಾನಕ್ಕೆ ಬಂತು. ಕೇಳುವವರು ಕೈಬಿಟ್ಟಿದ್ದರೆ ಹಾಡೂ ಸತ್ತಿರುತ್ತಿತ್ತು. ಸ್ವತಂತ್ರ ಹಾಡುಗಾರಿಕೆಯ ಅಪಾಯವೂ ಇದೇ, ಹೆಮ್ಮೆಯೂ ಇದೇ.

ಇಂದು ಪಟ್ಟಣಗಳಿಗೆ ಗೊತ್ತಿರುವ ಮಟ್ಟುಗಳು ಬಹುಪಾಲು ಸಿ. ಅಶ್ವತ್ಥ್ ಅವರವು, ಟಿ. ಎಸ್. ನಾಗಾಭರಣರ 1990ರ ಚಲನಚಿತ್ರ ಅವನ್ನು ಮನೆಮನೆಗೆ ಮುಟ್ಟಿಸಿತು. 2008ರ ತಮ್ಮ ಮೊದಲ ಆಲ್ಬಂನಲ್ಲಿ ರಘು ದೀಕ್ಷಿತ್ ಷರೀಫರ ಪದಗಳನ್ನು ಗಿಟಾರು, ಡ್ರಮ್ಮುಗಳ ಜೊತೆ ಹಾಡಿದರು, ಆ ಹಾಡುಗಳು ಹೊರದೇಶದ ವೇದಿಕೆಗಳನ್ನೂ ಏರಿದವು. ಹಳೆಯ ಭಜನೆಯ ಧಾಟಿ ಕೆಟ್ಟಿತೆಂದು ನೊಂದುಕೊಳ್ಳುವವರ ಸಂಕಟ ಸುಳ್ಳಲ್ಲ. ಒಂದೇ ಮಟ್ಟು ಎಲ್ಲೆಡೆ ಮೊಳಗತೊಡಗಿದಾಗ ಊರೂರಿನ ಧಾಟಿಗಳು ಬಾಯಿ ಮುಚ್ಚುತ್ತವೆ, ಅದು ನಷ್ಟವೇ. ಆದರೆ ಷರೀಫರು ಬಿಟ್ಟುಹೋದದ್ದು ಮುಟ್ಟಬಾರದ ಮಟ್ಟನ್ನಲ್ಲ, ಯಾವ ಮೇಳವೂ ಎತ್ತಿಕೊಳ್ಳಬಹುದಾದ ಪದವನ್ನು. ನವಲಗುಂದದ ಭಜನೆಯವರು ಕಲಘಟಗಿಯವರಂತೆಯೇ ಹಾಡಬೇಕೆಂಬ ಕಟ್ಟಳೆ ಎಂದೂ ಇದ್ದಿಲ್ಲ. ಹಾಗಿದ್ದ ಮೇಲೆ ಬೆಂಗಳೂರಿನವರ ಹಾಡಿಕೆಗೆ ಆಕ್ಷೇಪಿಸುವುದಕ್ಕಿಂತ, ಹಳ್ಳಿಯ ಮೇಳಗಳಲ್ಲಿ ಇನ್ನೂ ಉಳಿದಿರುವ ಧಾಟಿಗಳನ್ನೂ ಬಾಯಲ್ಲಷ್ಟೇ ಇರುವ ರಿವಾಯತಗಳನ್ನೂ ಹಿರಿಯರು ಇರುವಾಗಲೇ ಧ್ವನಿಮುದ್ರಿಸಿಕೊಳ್ಳುವುದು ನಮ್ಮ ವಿಶ್ವವಿದ್ಯಾಲಯ, ಅಕಾಡೆಮಿಗಳು ಮೊದಲು ಮಾಡಬೇಕಾದ ಕೆಲಸ. ಮುದ್ರಿತ ಸಂಪುಟಗಳಿಂದ ನಮಗೆ ಸಾಹಿತ್ಯ ಸಿಕ್ಕಿದೆ. ಹಾಡುಗಾರ ಷರೀಫರನ್ನು ಹುಡುಕಬೇಕಾದದ್ದು ಆ ಧಾಟಿಗಳಲ್ಲಿ.