ನೇಕಾರರ ಕಾಲ್ಚೆಂಡಿನ ಸಂಘ

ಮುಂಡರಗಿ, ಗದಗ, ಲಕ್ಷ್ಮೇಶ್ವರಗಳ ಎರೆಭೂಮಿಯ ಹತ್ತಿಗೂ ಇಂಗ್ಲಂಡದ ಕಾಲ್ಚೆಂಡಿನ ಆಟಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವುಂಟು. ೧೮೬೧ರಿಂದ ೧೮೬೫ರ ವರೆಗೆ ಅಮೇರಿಕೆಯಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಅರಳೆ ಬಾರದಾಗಲು, ಲ್ಯಾಂಕಶೈರ ಪ್ರಾಂತದ ಗಿರಣಿಗಳು ನಿಂತು ಸಾವಿರಾರು ಮನೆಗಳಲ್ಲಿ ಒಲೆ ಆರಿದವು. ಆಗ ವ್ಯಾಪಾರಸ್ಥರ ಕಣ್ಣು ಧಾರವಾಡ ಸೀಮೆಯ ಹತ್ತಿಯ ಮೇಲೆ ಬಿದ್ದಿತು. ಅದೇ ಪ್ರಾಂತದ ಬ್ಲ್ಯಾಕ್‌ಬರ್ನ್ ಎಂಬ ಊರಿನ ಮಗ್ಗಗಳು ಹಿಂದುಸ್ಥಾನದವರು ಉಡುವ ಧೋತರಗಳನ್ನೇ ನೇಯುತ್ತಿದ್ದವು. ಆ ಅಗ್ಗದ ಬಟ್ಟೆ ನಮ್ಮ ಕೈಮಗ್ಗಗಳಿಗೆ ಕುತ್ತಾದದ್ದು ನಿಜ. ಆದರೆ ಅದನ್ನು ನೇಯ್ದವನೂ ಬಡವನೇ. ಆ ಬಡವರು ಕಟ್ಟಿದ ಒಂದು ಸಂಘದ ಇತಿಹಾಸವು ಮನನೀಯವಾಗಿದೆ.

ಕಾಲ್ಚೆಂಡಿನ ನಿಯಮಗಳನ್ನು ಒಟ್ಟುಗೂಡಿಸಿದ ಮಂಡಳಿಯು ಲಂಡನ್ನಿನಲ್ಲಿ ೧೮೬೩ರಲ್ಲಿ ಸ್ಥಾಪಿತವಾಯಿತು. ಅದು ಏರ್ಪಡಿಸಿದ ಪಂದ್ಯಾವಳಿಯು ೧೮೭೧ರಲ್ಲಿ ಆರಂಭವಾಯಿತು. ೧೮೮೨ರ ವರೆಗೆ ಅದರ ಪಾತ್ರೆಯು ಶ್ರೀಮಂತರ ಶಾಲೆಗಳಲ್ಲಿ ಓದಿದವರ, ವಿಶ್ವವಿದ್ಯಾಲಯದವರ, ದಂಡಿನ ಅಧಿಕಾರಿಗಳ ಕೈಬಿಟ್ಟು ಹೋಗಲಿಲ್ಲ. ಆಟಕ್ಕೆ ಹಣ ಪಡೆಯುವದು ಹೀನವೆಂದು ಅವರ ಮತ. ಹಾಗೆ ಹೇಳುವದು ಉಂಬಳಿಯುಳ್ಳವನಿಗೆ ಸುಲಭ. ದಿನಗೂಲಿಯವನಿಗೆ ಬಿಡುವೆಲ್ಲಿಯದು? ಹೆಂಗಸರಿಗೂ ಹುಡುಗರಿಗೂ ಶನಿವಾರ ಎರಡು ಗಂಟೆಯ ಮೇಲೆ ಗಿರಣಿಯಲ್ಲಿ ಕೆಲಸ ಕೂಡದೆಂದು ೧೮೫೦ರ ಕಾಯಿದೆ ವಿಧಿಸಿತು. ಅವರಿಲ್ಲದೆ ಗಿರಣಿ ನಡೆಯದಾದ ಕಾರಣ ಗಂಡಸರಿಗೂ ಅರ್ಧದಿನದ ವಿರಾಮ ದೊರೆಯಿತು. ಆ ಅರ್ಧದಿನವೇ ಅವರ ಕ್ರೀಡೆಯ ಮೂಲಧನ.

ಬ್ಲ್ಯಾಕ್‌ಬರ್ನಿನ ಎರಡು ಸಣ್ಣ ತಂಡಗಳು ೧೮೭೮ರಲ್ಲಿ ಕೂಡಿ 'ಬ್ಲ್ಯಾಕ್‌ಬರ್ನ್ ಒಲಿಂಪಿಕ್' ಎಂಬ ಸಂಘವಾದವು. ಸಿಡ್ನಿ ಯೇಟ್ಸ್ ಎಂಬ ಕಬ್ಬಿಣದ ಕಾರಖಾನೆಯವನು ಹಣದ ನೆರವಿತ್ತನು. ಜ್ಯಾಕ್ ಹಂಟರ್ ಎಂಬ ಅನುಭವಿಕ ಆಟಗಾರನು ಬಂದು ಶಿಕ್ಷಣ ಕೊಟ್ಟನು. ಒಬ್ಬೊಬ್ಬನೇ ಚೆಂಡನ್ನು ಉರುಳಿಸಿಕೊಂಡು ನುಗ್ಗುವ ಪದ್ಧತಿಯಲ್ಲಿ ನೆಚ್ಚಿಕೆಯಿಡದೆ, ದೂರದೂರಕ್ಕೆ ಒಬ್ಬರಿಂದೊಬ್ಬರಿಗೆ ಸಾಗಿಸುವ ಆಟವನ್ನು ಇವರು ರೂಢಿಸಿದರು. ೧೮೮೩ರ ಅಂತಿಮ ಪಂದ್ಯದ ಮುಂಚೆ ತಂಡವನ್ನು ಬ್ಲ್ಯಾಕ್‌ಪೂಲದ ಕಡಲತೀರಕ್ಕೆ ಕರೆದೊಯ್ದು ಸಾಧನೆ ಮಾಡಿಸಿದರು. ಆ ಕಾಲಕ್ಕೆ ಇದು ಅಪೂರ್ವ ಸಂಗತಿ.

೧೮೮೩ನೆಯ ಮಾರ್ಚ ೩೧ರಂದು ಲಂಡನ್ನಿನ ಓವಲ್ ಬಯಲಿನಲ್ಲಿ ಅವರಿಗೆ ಇದಿರಾದವರು ಈಟನ್ ಶಾಲೆಯ ಹಳೆಯ ವಿದ್ಯಾರ್ಥಿಗಳು. ಇತ್ತ ನೇಕಾರರು, ನೂಲುವವರು, ಕೊಳಾಯಿ ಕೆಲಸದವರು. ಮೊದಲ ಗೋಲು ಶ್ರೀಮಂತರದೇ ಆಯಿತು. ಮ್ಯಾಥ್ಯೂಸ್ ಎಂಬವನು ಅದನ್ನು ಸರಿಗಟ್ಟಿದನು. ನಿಗದಿಯಾದ ವೇಳೆ ಮುಗಿದರೂ ಜಯಾಪಜಯ ನಿರ್ಣಯವಾಗದಿರಲು ಆಟವನ್ನು ಬೆಳೆಸಿದರು. ಆಗ ನೂಲು ಗಿರಣಿಯ ಕೂಲಿಕಾರ ಕಾಸ್ಟ್ಲಿಯು ಎರಡನೆಯ ಗೋಲು ಹೊಡೆದನು. ಪಾತ್ರೆಯು ಮೊದಲ ಸಲ ಉತ್ತರದ ದುಡಿಮೆಗಾರರ ಊರಿಗೆ ಬಂದಿತು.

ಬಳಿಕ ವಾದವೆದ್ದಿತು. ಇವರಿಗೆ ಗುಪ್ತವಾಗಿ ಹಣ ಸಲ್ಲುತ್ತಿದೆಯೆಂದು ದಕ್ಷಿಣದವರ ಆಕ್ಷೇಪ. ಇಲ್ಲಿ ಬೀಜಾಂಕುರನ್ಯಾಯವನ್ನು ನೆನೆಯಬೇಕು: ಕೌಶಲವಿಲ್ಲದೆ ಪ್ರೇಕ್ಷಕರು ಬಾರರು, ಪ್ರೇಕ್ಷಕರ ಹಣವಿಲ್ಲದೆ ಕೌಶಲಕ್ಕೆ ಬೇಕಾದ ವಿರಾಮ ದೊರೆಯದು. ೧೮೮೪ರಲ್ಲಿ ಪ್ರೆಸ್ಟನ್ ಊರಿನ ಸಂಘದ ಮುಖ್ಯಸ್ಥನು ಹಣ ಕೊಡುವದನ್ನು ಬಹಿರಂಗವಾಗಿ ಒಪ್ಪಿಕೊಂಡನು. ಆ ಸಂಘವನ್ನು ಪಂದ್ಯಾವಳಿಯಿಂದ ತೆಗೆದುಹಾಕಿದರು. ಉತ್ತರದ ಸಂಘಗಳು ಬೇರೆ ಮಂಡಳಿ ಕಟ್ಟುವೆವೆಂದು ನಿಂತವು. ಕೊನೆಗೆ ೧೮೮೫ರ ಜುಲೈಯಲ್ಲಿ ಸಂಬಳದ ಆಟಕ್ಕೆ ಸಮ್ಮತಿ ದೊರೆಯಿತು.

ಆದರೆ ಗೆದ್ದ ನ್ಯಾಯವೇ ಗೆದ್ದವರಿಗೆ ಮುಳುವಾಯಿತು. ಸಂಬಳ ಧರ್ಮಸಮ್ಮತವಾದೊಡನೆ ಹೆಚ್ಚು ಕೊಡುವವರ ಕಡೆಗೆ ಆಟಗಾರರು ಹರಿದರು. ಅದೇ ಊರಿನ ಧನಬಲವುಳ್ಳ 'ರೋವರ್ಸ್' ಸಂಘವು ೧೮೮೪ರಿಂದ ಮೂರು ವರ್ಷ ಸತತವಾಗಿ ಪಾತ್ರೆ ಗೆದ್ದಿತು. ೧೮೮೮ರಲ್ಲಿ ಹನ್ನೆರಡು ಸಂಘಗಳ ಲೀಗ್ ಏರ್ಪಟ್ಟಾಗ ಊರಿಗೊಂದೇ ಸಂಘವೆಂಬ ಕಟ್ಟಳೆಯಿಂದ ರೋವರ್ಸಿಗೇ ಸ್ಥಾನ ಲಭಿಸಿತು. ಒಲಿಂಪಿಕ್ ಸಂಘವು ೧೮೮೯ರಲ್ಲಿ, ತನ್ನ ಹನ್ನೊಂದನೆಯ ವಯಸ್ಸಿನಲ್ಲಿ, ಕಣ್ಮರೆಯಾಯಿತು.

೧೯೩೧ರ ಸೆಪ್ಟೆಂಬರಿನಲ್ಲಿ ಮಹಾತ್ಮಾ ಗಾಂಧಿಯವರು ಬ್ಲ್ಯಾಕ್‌ಬರ್ನಿಗೆ ಹತ್ತಿರದ ಡಾರ್ವೆನ್ ಊರಿಗೆ ಹೋಗಿ, ನಿರುದ್ಯೋಗಿಗಳಾಗಿದ್ದ ಗಿರಣಿಯ ಜನರನ್ನು ಕಂಡರು. ಪರದೇಶಿ ವಸ್ತ್ರದ ಬಹಿಷ್ಕಾರದಿಂದ ನೊಂದವರೇ ಅವರನ್ನು ಆದರದಿಂದ ಬರಮಾಡಿಕೊಂಡರು. ದುಡಿಯುವವನ ಕಷ್ಟ ದುಡಿಯುವವನಿಗೆ ತಿಳಿಯುವದು.

ಕನ್ನಡನಾಡಿನಲ್ಲಿಯೂ ಇದಕ್ಕೆ ಹೋಲುವ ಸಂಗತಿಯುಂಟು. ೧೮೯೧ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಬಹುಕಾಲ ದಂಡಿನ ಬಿಳಿಯರ ಸ್ವತ್ತಿನಂತಿದ್ದ ರೋವರ್ಸ್ ಕಪ್ಪನ್ನು ೧೯೩೭ರಲ್ಲಿ 'ಬೆಂಗಳೂರು ಮುಸ್ಲಿಮ್ಸ್' ಸಂಘವು ಗೆದ್ದು, ಆ ಗೌರವ ಪಡೆದ ಮೊದಲ ಭಾರತೀಯ ತಂಡವೆನಿಸಿತು, ಮರುವರ್ಷವೂ ಗೆದ್ದಿತು. ಬಾಗಿಲನ್ನು ತೆರೆದವನೇ ಮನೆಯಲ್ಲಿ ಬಹುಕಾಲ ಬಾಳಬೇಕೆಂಬ ನಿಯಮವಿಲ್ಲ. ಆದರೆ ಒಳಹೊಕ್ಕ ಪ್ರತಿಯೊಬ್ಬನೂ ತೆರೆದವನ ಹೆಸರನ್ನು ತಿಳಿದಿರುವದು ಧರ್ಮವು.