ಪೇಟೆಯ ವಿದ್ಯೆ: ಧಾರವಾಡ ಸೀಮೆಯಲ್ಲಿ ಆಹಾರವ್ಯಾಪಾರದ ಅಭ್ಯಾಸವು ಬೆಳೆದ ಬಗೆ

ಭೂಮಿಯನ್ನು ಸಾಗುಮಾಡುವ ವಿಷಯದಲ್ಲಿ ನಮ್ಮ ಒಕ್ಕಲಿಗನಿಗೆ ಪರಂಪರೆಯಿಂದ ಬಂದ ಜ್ಞಾನವು ಸಾಕಷ್ಟಿರುವದು. ಆದರೆ ಬೆಳೆದ ಕಾಳನ್ನು ಯಾವಾಗ, ಎಲ್ಲಿ, ಯಾವ ಧಾರಣೆಗೆ ಮಾರಬೇಕೆಂಬ ವಿಷಯದಲ್ಲಿ ಅವನು ಬಹುಕಾಲ ಪರಾಧೀನನಾಗಿಯೇ ಉಳಿದನು. ಈ ಎರಡನೆಯ ವಿದ್ಯೆಯು ವಿಶ್ವವಿದ್ಯಾಲಯದ ಮೆಟ್ಟಿಲನ್ನೇರಿ ಶಾಸ್ತ್ರವೆನಿಸಿದ್ದು ತೀರ ಈಚೆಗೆ. ಹುಬ್ಬಳ್ಳಿ-ಧಾರವಾಡಗಳಲ್ಲಿ ಪೇಟೆಯು ಮೊದಲು ಬೆಳೆಯಿತು. ಪೇಟೆಯ ಸುಧಾರಣೆಯು ಅನಂತರ ಬಂದಿತು. ಪೇಟೆಯ ಅಭ್ಯಾಸವು ಎಲ್ಲಕ್ಕೂ ಕಡೆಗೆ ಬಂದಿತು. ಈ ಕ್ರಮವನ್ನು ವಿಚಾರಿಸುವದು ಬೋಧಪ್ರದವಾಗಿದೆ.

ಹುಬ್ಬಳ್ಳಿಯ ಏಳಿಗೆಗೆ ಅದು ಇರುವ ಸ್ಥಳವೇ ಮುಖ್ಯ ಕಾರಣ. ಪಶ್ಚಿಮಕ್ಕೆ ಮಲೆನಾಡಿನ ಬತ್ತ, ಪೂರ್ವಕ್ಕೆ ಎರೆಭೂಮಿಯ ಜೋಳ, ಹತ್ತಿ, ಕುಸುಬಿ. ಇವೆರಡೂ ಸಂಧಿಸುವ ನೆಲೆಯಲ್ಲಿ ಈ ಊರಿದೆ. ೧೮೮೦ರ ದಶಕದಲ್ಲಿ ದಕ್ಷಿಣ ಮರಾಠಾ ರೇಲ್ವೆಯು ಬಂದ ಮೇಲಂತೂ ಇಲ್ಲಿಯ ಧಾರಣೆಯು ಮುಂಬಯಿಯ ಧಾರಣೆಗೂ ಸಮುದ್ರದಾಚೆಯ ಧಾರಣೆಗೂ ಗಂಟುಬಿದ್ದಿತು. ಆದರೆ ಆ ದೂರದ ಧಾರಣೆಯ ಸುದ್ದಿಯು ವ್ಯಾಪಾರಿಗೆ ತಿಳಿಯುತ್ತಿತ್ತು, ಒಕ್ಕಲಿಗನಿಗೆ ತಿಳಿಯುತ್ತಿರಲಿಲ್ಲ. ಅಂದಿನ ಎಷ್ಟೋ ಪೇಟೆಗಳಲ್ಲಿ ದಲಾಲನೂ ಖರೀದಿದಾರನೂ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆಯನ್ನು ಗೊತ್ತುಮಾಡುವ ರೂಢಿಯಿತ್ತು. ತೂಕದಲ್ಲಿ ಕಡಿತ, ಮಾದರಿಯ ಹೆಸರಿನಲ್ಲಿ ಒಂದು ಬೊಗಸೆ, ಧರ್ಮಾದಾಯದ ಹೆಸರಿನಲ್ಲಿ ಕೆಲವು ಕಾಸು; ಹೀಗೆ ಮಾಲಿನ ಒಡೆಯನ ಕೈಗೆ ಬರುವ ಹೊತ್ತಿಗೆ ಹಣವು ಕರಗುತ್ತಿದ್ದಿತು. ಬಿತ್ತನೆಗೆ ಸಾಲ ಕೊಟ್ಟ ಸಾವಕಾರನೇ ಮಾಲನ್ನು ಕೊಳ್ಳುವವನೂ ಆಗಿದ್ದಲ್ಲಿ ಚೌಕಾಶಿಯ ಮಾತೆಲ್ಲಿ ಬಂತು?

ಇದಕ್ಕೆ ಮೊದಲನೆಯ ಪ್ರತೀಕಾರವು ಹಳ್ಳಿಯಿಂದಲೇ ಹೊರಟಿತೆಂಬುದು ಅಭಿಮಾನದ ಸಂಗತಿ. ೧೯೦೪ರ ಸಹಕಾರ ಕಾಯಿದೆಯನ್ನನುಸರಿಸಿ ೧೯೦೫ರಲ್ಲಿ ಅಂದಿನ ಧಾರವಾಡ ಜಿಲ್ಲೆಯ, ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ಸಹಕಾರಿ ಪತ್ತಿನ ಸಂಘವು ಸ್ಥಾಪಿತವಾಯಿತು. ಹತ್ತು ವರ್ಷಗಳ ತರುವಾಯ, ೧೯೧೫ರಲ್ಲಿ, ಹುಬ್ಬಳ್ಳಿಯಲ್ಲಿ ಹತ್ತಿಯ ಸಹಕಾರಿ ಮಾರಾಟದ ಸಂಘವು ಹುಟ್ಟಿತು. ಇಂಥ ಸಂಘಗಳಲ್ಲಿ ಅದು ದೇಶದಲ್ಲಿಯೇ ಮೊದಲ ಸಾಲಿನದು. ಮಾಲನ್ನು ತರಗತಿಯಾಗಿ ವಿಂಗಡಿಸಿ ಒಟ್ಟಾಗಿ ಮಾರಿದರೆ ಒಬ್ಬೊಬ್ಬನಿಗೂ ಹೆಚ್ಚಿನ ಬೆಲೆ ದೊರೆಯುವದೆಂಬ ತತ್ವವನ್ನು ಗ್ರಂಥದಿಂದಲ್ಲ, ಪೇಟೆಯಿಂದ ಜನರು ಕಲಿತರು. ಹತ್ತಿಯು ತಿನ್ನುವ ವಸ್ತುವಲ್ಲದಿದ್ದರೂ ಕಾಳುಕಡಿಯ ವ್ಯಾಪಾರಕ್ಕೆ ಅದೇ ಗುರುವಾಯಿತು.

ಮುಂದೆ ಲಾರ್ಡ್ ಲಿನ್‌ಲಿತ್‌ಗೋ ಅವರ ಅಧ್ಯಕ್ಷತೆಯಲ್ಲಿ ೧೯೨೬ರಲ್ಲಿ ನೇಮಕವಾದ ಕೃಷಿ ಆಯೋಗವು ೧೯೨೮ರಲ್ಲಿ ವರದಿಯನ್ನು ಒಪ್ಪಿಸಿ, ಪೇಟೆಗಳನ್ನು ಕಾಯಿದೆಯ ಹಿಡಿತಕ್ಕೆ ತರಬೇಕೆಂದೂ ವ್ಯಾಪಾರದ ಸಮೀಕ್ಷೆಗಳನ್ನು ನಡೆಯಿಸಬೇಕೆಂದೂ ಸೂಚಿಸಿತು. ಅದರ ಫಲವಾಗಿ ೧೯೩೭ರಲ್ಲಿ ತರಗತಿ ಮತ್ತು ಮುದ್ರೆಯ ಕಾಯಿದೆಯೂ, ೧೯೩೯ರಲ್ಲಿ ಮುಂಬಯಿ ಪ್ರಾಂತದ ಕೃಷಿ ಉತ್ಪನ್ನ ಪೇಟೆಗಳ ಕಾಯಿದೆಯೂ ಬಂದವು. ಏಕೀಕರಣದ ತರುವಾಯ ೧೯೬೬ರ ಕಾಯಿದೆಯು ಇಡೀ ರಾಜ್ಯಕ್ಕೆ ಒಂದೇ ಕಟ್ಟಳೆಯನ್ನು ತಂದಿತು. ಹುಬ್ಬಳ್ಳಿ ಧಾರವಾಡಗಳ ನಡುವೆ ಅಮರಗೋಳದಲ್ಲಿರುವ ವಿಶಾಲವಾದ ಪೇಟೆಯ ಪ್ರಾಂಗಣವು ಈ ಪರಂಪರೆಯ ಕೂಸು.

ಕಾಯಿದೆಯು ತಕ್ಕಡಿಯನ್ನು ನೆಟ್ಟಗೆ ಮಾಡಬಲ್ಲದು. ಧಾರಣೆಯು ಏಕೆ ಏರಿತು, ಏಕೆ ಇಳಿಯಿತು ಎಂಬುದನ್ನು ಅದು ಹೇಳಲಾರದು. ಅದಕ್ಕೆ ಶಾಸ್ತ್ರವೇ ಬೇಕು. ಧಾರವಾಡದಲ್ಲಿ ೧೯೧೭ರಲ್ಲಿ ಕರ್ನಾಟಕ ಕಾಲೇಜು, ೧೯೪೭ರಲ್ಲಿ ಕೃಷಿ ಕಾಲೇಜು ಆರಂಭವಾದವು. ೧೯೪೯ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಸ್ಥಾಪಿತವಾಯಿತು. ಕೃಷಿ ಕಾಲೇಜು ಕೆಲವು ಕಾಲ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಅಂಗವಾಗಿದ್ದು, ೧೯೮೬ರ ಅಕ್ಟೋಬರ ೧ರಂದು ಧಾರವಾಡದಲ್ಲಿಯೇ ಸ್ವತಂತ್ರ ಕೃಷಿ ವಿಶ್ವವಿದ್ಯಾಲಯವು ಜನ್ಮತಾಳಿತು. ಕೃಷಿ ಅರ್ಥಶಾಸ್ತ್ರವೂ ಕೃಷಿವ್ಯಾಪಾರದ ನಿರ್ವಹಣವೂ ಅಲ್ಲಿಯ ಅಭ್ಯಾಸ ವಿಷಯಗಳಲ್ಲಿ ಸೇರಿವೆ. ಗೃಹಿಣಿಯು ಕೊಡುವ ಒಂದು ರೂಪಾಯಿಯಲ್ಲಿ ಬೆಳೆದವನ ಪಾಲೆಷ್ಟು, ಸಾಗಣೆಯ ಪಾಲೆಷ್ಟು, ದಲಾಲಿಯ ಪಾಲೆಷ್ಟು ಎಂದು ಲೆಕ್ಕಹಾಕುವದು ಈ ವಿದ್ಯೆಯ ಓಂಕಾರ.

ಈ ವಿದ್ಯೆಯ ಕೆಲವು ಸಿದ್ಧಾಂತಗಳು ಬಹು ಹಳೆಯವು. ೧೬೯೯ರಲ್ಲಿ ಇಂಗ್ಲೆಂಡದ ಚಾರ್ಲ್ಸ್ ಡೇವನೆಂಟನು ಪ್ರಕಟಿಸಿದ ಒಂದು ಲೆಕ್ಕದಂತೆ ಧಾನ್ಯವು ಹತ್ತರಲ್ಲಿ ಒಂದು ಪಾಲು ಕಡಿಮೆಯಾದರೆ ಬೆಲೆಯು ಹತ್ತರಲ್ಲಿ ಮೂರು ಪಾಲು ಏರುವದು. ಎರಡು ಪಾಲು ಕಡಿಮೆಯಾದರೆ ಎಂಟು ಪಾಲು ಏರುವದು. ಹೊಟ್ಟೆಯು ಅಗ್ಗವಾಯಿತೆಂದು ಹಿಗ್ಗುವದಿಲ್ಲ, ತುಟ್ಟಿಯಾಯಿತೆಂದು ಕುಗ್ಗುವದಿಲ್ಲವಾದ್ದರಿಂದ ಬೆಲೆಯೇ ಹೊಯ್ದಾಡಬೇಕಾಗುವದು. ಇದನ್ನು ತಿರುಗಿಸಿ ನೋಡಿದರೆ ಸುಗ್ಗಿಯು ಹುಲುಸಾದ ವರ್ಷವೇ ರೈತನು ಏಕೆ ಕೈಸುಟ್ಟುಕೊಳ್ಳುವನೆಂಬುದು ತಿಳಿಯುವದು. ೧೯೩೮ರಲ್ಲಿ ಅಮೇರಿಕೆಯ ಎಝೆಕಿಯಲ್ಲರು ವಿವರಿಸಿದ ಜೇಡರ ಬಲೆಯ ಸಿದ್ಧಾಂತವು ಇದಕ್ಕೆ ಪೂರಕ: ಹೋದ ವರ್ಷದ ಧಾರಣೆಯನ್ನು ನಂಬಿ ಎಲ್ಲರೂ ಒಂದೇ ಬೆಳೆಯನ್ನಿಟ್ಟರೆ ಈ ವರ್ಷ ಧಾರಣೆಯು ಮುರಿಯುವದು, ಮುರಿದುದನ್ನು ಕಂಡು ಎಲ್ಲರೂ ಬಿಟ್ಟರೆ ಮುಂದಿನ ವರ್ಷ ಏರುವದು. ಉಳ್ಳಾಗಡ್ಡಿಯನ್ನು ಬೆಳೆಯುವವರಿಗೆ ಈ ಬಲೆಯ ಪರಿಚಯವನ್ನು ಮಾಡಿಕೊಡಬೇಕಾದುದಿಲ್ಲ.

ಬ್ಯಾಡಗಿಯ ಮೆಣಸಿನಕಾಯಿಯು ಇದಕ್ಕೊಂದು ಕಠಿಣ ನಿದರ್ಶನ. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬುದು ಅದರ ಖ್ಯಾತಿ. ಅಡಿಗೆಯ ಮನೆಯಲ್ಲದೆ ಬಣ್ಣದ ಸತ್ವವನ್ನು ತೆಗೆಯುವ ಕಾರಖಾನೆಗಳೂ ಅದರ ಗಿರಾಕಿಗಳು. ಆ ಬಣ್ಣದ ಅಳತೆಯು ಪ್ರಯೋಗಶಾಲೆಯಲ್ಲಿ ಗೊತ್ತಾಗುವದೇ ಹೊರತು ಬೆಳೆದವನ ಕಣ್ಣಿಗಲ್ಲ. ೨೦೨೪ರ ಮಾರ್ಚ ತಿಂಗಳಲ್ಲಿ ಧಾರಣೆಯು ಒಮ್ಮೆಲೆ ಕುಸಿದಾಗ ರೊಚ್ಚಿಗೆದ್ದ ರೈತರು ಅಲ್ಲಿಯ ಪೇಟೆ ಸಮಿತಿಯ ಕಚೇರಿಯ ಮೇಲೆ ಏರಿಹೋಗಿ ವಾಹನಗಳಿಗೆ ಬೆಂಕಿಯಿಟ್ಟರು. ವಸ್ತ್ರದ ಮರೆಯ ಬೆರಳಾಟವು ಹೋಗಿ ಗಣಕಯಂತ್ರದ ಲಿಲಾವು ಬಂದಿರುವ ಕಾಲದಲ್ಲಿ ನಡೆದ ಕೃತ್ಯವಿದು. ಬೆಂಕಿಯನ್ನು ಯಾರೂ ಸಮರ್ಥಿಸಲಾರರು. ಆದರೆ ಧಾರಣೆಯು ಬಹಿರಂಗವಾದ ಮಾತ್ರಕ್ಕೆ ಅದರ ಕಾರಣವು ಬಹಿರಂಗವಾಗಲಿಲ್ಲವೆಂಬುದನ್ನು ಅದು ತೋರಿಸಿತು. ಶೀತಲ ಉಗ್ರಾಣದಲ್ಲಿ ಮಾಲನ್ನಿಟ್ಟು ಕಾಯಬಲ್ಲವನ ಸ್ಥಿತಿ ಬೇರೆ, ಸಾಲದ ಕಂತಿಗಾಗಿ ಅಂದೇ ಮಾರಬೇಕಾದವನ ಸ್ಥಿತಿ ಬೇರೆ.

ಹೀಗಿರುವಾಗ ಪೇಟೆಯ ವಿದ್ಯೆಯನ್ನು ಕಲಿತ ತರುಣರು ಅದನ್ನು ದೊಡ್ಡ ವ್ಯಾಪಾರಗಳ ಲಾಭಕ್ಕೆ ಮಾತ್ರ ಮೀಸಲಿಟ್ಟರೆ ವಿದ್ಯಾಪೀಠದ ಋಣವು ತೀರಿದಂತಾಗಲಿಲ್ಲ. ಮುಂಬರುವ ಸುಗ್ಗಿಯ ಆವಕವೆಷ್ಟು, ಬೇಡಿಕೆಯೆಷ್ಟು ಎಂಬ ಅಂದಾಜನ್ನು ಬಿತ್ತನೆಗೆ ಮುಂಚೆ ತಿಳಿಗನ್ನಡದಲ್ಲಿ ಹಳ್ಳಿಗೆ ಮುಟ್ಟಿಸುವದು ಅವರ ಕರ್ತವ್ಯ. ಶತಮಾನದ ಹಿಂದೆ ಓದುಬರಹ ಅಲ್ಪವಾಗಿದ್ದ ಕಾಲದಲ್ಲಿ ಕಣಗಿನಹಾಳದ ರೈತರು ಒಟ್ಟುಗೂಡುವ ಶಕ್ತಿಯನ್ನು ತೋರಿದರು. ಆ ಶಕ್ತಿಗೆ ಇಂದಿನ ಜ್ಞಾನವು ಕೂಡಿದರೆ ಬೆಳೆದವನಿಗೂ ಉಣ್ಣುವವನಿಗೂ ನ್ಯಾಯವು ದೊರೆಯುವದರಲ್ಲಿ ಸಂದೇಹವಿಲ್ಲ.