ನಸೀಬು, ಅದೃಷ್ಟ, ವಿಧಿ: ಗುಜರಾತಿನ ಮೂರು ಊರುಗಳ ಕಥೆ

1875ರಲ್ಲಿ ನಾಸಿಕ್ ಜಿಲ್ಲೆಯ ಕವಳಾಣಾ ಎಂಬ ಹಳ್ಳಿಯಿಂದ ಮೂವರು ಅಣ್ಣತಮ್ಮಂದಿರನ್ನು ಬರೋಡಾದ ಅರಮನೆಗೆ ಕರೆತಂದರು. ಆನಂದರಾವ್, ಗೋಪಾಳರಾವ್, ಸಂಪತರಾವ್. ಗಾಯಕವಾಡ ಎಂಬ ಮನೆತನದ ಹೆಸರು ಬಿಟ್ಟರೆ ಆ ಮಕ್ಕಳಿಗೂ ಸಿಂಹಾಸನಕ್ಕೂ ನಂಟೇ ಇರಲಿಲ್ಲ. ಅಪ್ಪ ಕಾಶೀರಾವ್ ಹೊಲ ನೋಡಿಕೊಂಡಿದ್ದವರು. ಇಲ್ಲಿಗೆ ಯಾಕೆ ಬಂದಿದ್ದೀರಿ ಎಂದು ಹುಡುಗರನ್ನು ಕೇಳಿದರಂತೆ. ನಡುವಿನವನು, ಹನ್ನೆರಡು ವರ್ಷದ ಗೋಪಾಳ, ರಾಜ್ಯ ಆಳಲಿಕ್ಕೆ ಎಂದನಂತೆ. ಆ ವರ್ಷದ ಮೇ 27ರಂದು ಮಹಾರಾಣಿ ಜಮನಾಬಾಯಿ ಅವನನ್ನೇ ದತ್ತು ತೆಗೆದುಕೊಂಡರು. ಗೋಪಾಳರಾವ್ ಮೂರನೆಯ ಸಯಾಜಿರಾವ್ ಗಾಯಕವಾಡ ಆದ.

ಬರೋಡಾದಲ್ಲಿ, ಅಂದರೆ ಇಂದಿನ ವಡೋದರದಲ್ಲಿ, ಈ ಕಥೆಯನ್ನು ಇಂದಿಗೂ ಹೇಳುತ್ತಾರೆ. ಧೈರ್ಯವಾಗಿ ಉತ್ತರ ಕೊಟ್ಟವನಿಗೆ ರಾಜ್ಯ ಸಿಕ್ಕಿತು ಎನ್ನುವುದು ಕೇಳಲು ಹಿತವಾಗಿದೆ. ಆದರೆ ಹುಡುಗ ಬಾಯಿ ತೆರೆಯುವ ಮೊದಲೇ ಎಷ್ಟೋ ಸಂಗತಿಗಳು ನಡೆದುಹೋಗಿದ್ದವು. ಜಮನಾಬಾಯಿಯ ಗಂಡ ಖಂಡೇರಾವ್ 1870ರಲ್ಲಿ ತೀರಿಕೊಂಡಾಗ ಆಕೆ ಗರ್ಭಿಣಿ. ಹುಟ್ಟಿದ್ದು ಹೆಣ್ಣು. ಗಂಡಾಗಿದ್ದರೆ ಅದೇ ಮಗು ದೊರೆಯಾಗುತ್ತಿತ್ತು. ಪಟ್ಟ ಮೈದುನ ಮಲ್ಹಾರರಾವ್ ಪಾಲಾಯಿತು. 1874ರ ಕೊನೆಗೆ ಬ್ರಿಟಿಷ್ ರೆಸಿಡೆಂಟ್ ಕರ್ನಲ್ ಫೇರ್‌ಗೆ ವಿಷ ಹಾಕಿಸಲು ನೋಡಿದರೆಂಬ ಆರೋಪ ಮಲ್ಹಾರರಾವ್ ಮೇಲೆ ಬಂತು. ವಿಚಾರಣೆಗೆ ಕೂತ ಆರು ಜನರಲ್ಲಿ ಮೂವರು ಬ್ರಿಟಿಷರು ತಪ್ಪಿತಸ್ಥ ಎಂದರು, ಮೂವರು ಭಾರತೀಯರು ಅದಕ್ಕೆ ಒಪ್ಪಲಿಲ್ಲ. ಆದರೂ ದುರಾಡಳಿತದ ಕಾರಣ ಕೊಟ್ಟು ಅವರನ್ನು ಕೆಳಗಿಳಿಸಲಾಯಿತು, ವಿಧವೆ ರಾಣಿಗೆ ದತ್ತಿನ ಅವಕಾಶ ಸಿಕ್ಕಿತು. ಇವುಗಳಲ್ಲಿ ಒಂದು ತಪ್ಪಿದ್ದರೂ ಗೋಪಾಳ ಕವಳಾಣಾದಲ್ಲೇ ಬೆಳೆದು ಹೊಲ ನೋಡಿಕೊಳ್ಳುತ್ತಿದ್ದ.

ಮೈಸೂರಿನವರಿಗೆ ಈ ಕಥೆಯ ಜೋಡಿ ಗೊತ್ತಿದೆ. ಹತ್ತನೆಯ ಚಾಮರಾಜೇಂದ್ರ ಒಡೆಯರೂ ದತ್ತುಮಗನೇ. ಇಬ್ಬರೂ ಹುಟ್ಟಿದ್ದು 1863ರಲ್ಲಿ, ಒಬ್ಬರು ಫೆಬ್ರುವರಿಯಲ್ಲಿ, ಇನ್ನೊಬ್ಬರು ಮಾರ್ಚ್‌ನಲ್ಲಿ. ಇಬ್ಬರ ಕೈಗೂ ಅಧಿಕಾರ ಬಂದದ್ದು 1881ರಲ್ಲಿ. ಚಾಮರಾಜೇಂದ್ರರು 1894ರಲ್ಲಿ, ಮೂವತ್ತೊಂದರ ಹರೆಯದಲ್ಲಿ, ಕಲ್ಕತ್ತೆಯಲ್ಲಿ ತೀರಿಕೊಂಡರು. ಸಯಾಜಿರಾವ್ 1939ರವರೆಗೆ ಬದುಕಿದ್ದರು. ಇದಕ್ಕೆ ಯಾರ ಸ್ವಭಾವವನ್ನೂ ಕಾರಣ ಮಾಡಲಾಗದು.

ಇಂಥದ್ದಕ್ಕೆ ಗುಜರಾತಿಯಲ್ಲೂ ಧಾರವಾಡದ ಕಡೆಯ ಕನ್ನಡದಲ್ಲೂ ಇರುವ ಮಾತು ನಸೀಬು. ಅರಬ್ಬಿ ಮೂಲದ ಈ ಪದಕ್ಕೆ ಪಾಲು ಎಂಬುದು ಮೊದಲ ಅರ್ಥ: ಹಂಚಿಕೆಯಲ್ಲಿ ಒಬ್ಬನಿಗೆ ಬಂದದ್ದು. ಈ ಅರ್ಥ ಹಿಡಿದರೆ ಕೇಳಬೇಕಾದ ಪ್ರಶ್ನೆಯೇ ಬೇರೆಯಾಗುತ್ತದೆ. ಪಾಲು ಇದ್ದಲ್ಲಿ ಹಂಚಿದವರೂ ಇರಬೇಕು.

ಸಯಾಜಿರಾವ್ ಅವರ ಆಳ್ವಿಕೆಯನ್ನು ಈ ಪ್ರಶ್ನೆಗೆ ಕೊಟ್ಟ ಉತ್ತರದಂತೆ ನೋಡಬಹುದು. ಅರಮನೆಗೆ ಬಂದಾಗ ಅವರಿಗೆ ಅಕ್ಷರಜ್ಞಾನ ಅಷ್ಟಕ್ಕಷ್ಟೇ. ದಿವಾನ್ ಟಿ. ಮಾಧವರಾವ್ ಮತ್ತು ಮೇಷ್ಟರಾದ ಎಫ್.ಎ.ಎಚ್. ಎಲಿಯಟ್ ಕೆಲವೇ ವರ್ಷಗಳಲ್ಲಿ ಅವರನ್ನು ತಯಾರು ಮಾಡಿದರು. ಒಬ್ಬ ಹಳ್ಳಿ ಹುಡುಗನಿಗೆ ಆಕಸ್ಮಿಕವಾಗಿ ದಕ್ಕಿದ ಓದನ್ನು ಅವರು ಮುಂದೆ ಕಾನೂನು ಮಾಡಿದರು. 1893ರಲ್ಲಿ ಅಮ್ರೇಲಿ ತಾಲ್ಲೂಕಿನಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಪ್ರಯೋಗ ನಡೆಯಿತು, 1906ರಲ್ಲಿ ಅದು ಇಡೀ ಸಂಸ್ಥಾನಕ್ಕೆ ಬಂತು. ಮೈಸೂರು ಇಂಥ ಕಾಯ್ದೆ ಮಾಡಿದ್ದು 1913ರಲ್ಲಿ. ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೂ ಬರೋಡಾದಲ್ಲಿ ಶಾಲೆಗಳು ತೆರೆದವು, ವಿದ್ಯಾರ್ಥಿವೇತನಗಳು ಬಂದವು. ಅವುಗಳಲ್ಲೊಂದನ್ನು ಪಡೆದವರು ಭೀಮರಾವ್ ಅಂಬೇಡ್ಕರ್.

ಬಾಂಬೆಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದುವಾಗ ಅಂಬೇಡ್ಕರ್ ಅವರಿಗೆ ಬರೋಡಾದಿಂದ ತಿಂಗಳಿಗೆ 25 ರೂಪಾಯಿ ಬರುತ್ತಿತ್ತು. 1913ರಲ್ಲಿ ಅದೇ ಸಂಸ್ಥಾನ ಅವರನ್ನು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳಿಸಿತು. ಮರಳಿದ ಮೇಲೆ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂಬುದು ಕರಾರು. ಕೊಲಂಬಿಯಾದಲ್ಲಿ ಓದಿ, ನಂತರ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಓದನ್ನು ಅರ್ಧಕ್ಕೇ ನಿಲ್ಲಿಸಿ 1917ರಲ್ಲಿ ಅವರು ಕರಾರಿನಂತೆ ಬರೋಡಾಕ್ಕೆ ಬಂದರು. ಅಕೌಂಟೆಂಟ್ ಜನರಲ್ ಕಚೇರಿಯಲ್ಲಿ ಕೆಲಸ ಕಾದಿತ್ತು. ಉಳಿದುಕೊಳ್ಳಲು ಮಾತ್ರ ಜಾಗವಿರಲಿಲ್ಲ.

ಮುಂದೆ ನಡೆದುದನ್ನು ಅಂಬೇಡ್ಕರ್ ತಮ್ಮ ಆತ್ಮಕಥನದ ಟಿಪ್ಪಣಿಗಳಲ್ಲಿ ಬರೆದಿಟ್ಟಿದ್ದಾರೆ. ಹಿಂದೂ ಹೋಟೆಲುಗಳಲ್ಲಿ ಇವರಿಗೆ ಕೋಣೆ ಸಿಗುವಂತಿರಲಿಲ್ಲ. ಪಾರ್ಸಿಗಳ ಒಂದು ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ, ದಿನಕ್ಕೆ ಒಂದೂವರೆ ರೂಪಾಯಿಗೆ ಮಹಡಿಯ ಕೋಣೆ ಹಿಡಿದರು. ಬೇರೆ ಅತಿಥಿಗಳಿಲ್ಲದ, ಸರಿಯಾದ ದೀಪವೂ ಇಲ್ಲದ ಆ ಮಹಡಿಯಲ್ಲಿ ಹತ್ತು ದಿನ ಕಳೆದರು. ಹನ್ನೊಂದನೆಯ ದಿನ ಬೆಳಗ್ಗೆ ಕಚೇರಿಗೆ ಹೊರಟಾಗ ಹತ್ತು ಹನ್ನೆರಡು ಜನ ದೊಣ್ಣೆ ಹಿಡಿದು ಮೆಟ್ಟಿಲೇರಿ ಬಂದರು. ಸಂಜೆಯೊಳಗೆ ಖಾಲಿ ಮಾಡಬೇಕೆಂದು ಅವರು ಗಡುವು ಕೊಟ್ಟು ಹೋದರು. ಗುರುತಿನ ಇಬ್ಬರು ಸ್ನೇಹಿತರಿದ್ದರು, ಒಬ್ಬರು ಹಿಂದೂ, ಒಬ್ಬರು ಕ್ರಿಶ್ಚಿಯನ್. ಇಬ್ಬರೂ ಏನೇನೋ ನೆಪ ಹೇಳಿದರು. ಬಾಂಬೆ ರೈಲು ರಾತ್ರಿಗೆ. ಅಲ್ಲಿಯವರೆಗೆ ಅಂಬೇಡ್ಕರ್ ಕಾಮಾಟಿ ಬಾಗ್ ಎಂಬ ಸಾರ್ವಜನಿಕ ತೋಟದಲ್ಲಿ ಕೂತರು. ಅಪ್ಪ ಅಮ್ಮನ ನೆನಪಾಯಿತು ಎಂದು ಬರೆದಿದ್ದಾರೆ.

ಆ ತೋಟ ಮಾಡಿಸಿದ್ದು ಸಯಾಜಿರಾವ್ ಆಳ್ವಿಕೆಯಲ್ಲೇ, 1879ರಲ್ಲಿ. ತೋಟಕ್ಕೆ ಬರಲು ಯಾರೂ ತಡೆಯಲಿಲ್ಲ. ವಿದ್ಯಾರ್ಥಿವೇತನ ಕೊಡಲು ಮಹಾರಾಜರ ಒಂದು ಸಹಿ ಸಾಕಾಯಿತು. ಆದರೆ ಅವರದೇ ರಾಜಧಾನಿಯಲ್ಲಿ, ಅವರದೇ ಅಧಿಕಾರಿಗೆ ಒಂದು ಕೋಣೆ ಕೊಡಿಸುವಷ್ಟು ದೂರ ಆ ಸಹಿ ಹೋಗಲಿಲ್ಲ. ಮನೋಭಾವ ಗಟ್ಟಿಯಾಗಿದ್ದರೆ ಏನನ್ನಾದರೂ ಸಾಧಿಸಬಹುದು ಎನ್ನುವವರು ಈ ಹನ್ನೊಂದು ದಿನಗಳನ್ನು ನೆನೆಯಬೇಕು. ಎರಡು ಖಂಡಗಳಲ್ಲಿ ಓದಿ ಬಂದವರ ಹಟ, ಬುದ್ಧಿ, ದುಡಿಮೆ ಯಾವುದಕ್ಕೂ ಅಂದು ಬಾಗಿಲು ತೆರೆಯಲಿಲ್ಲ.

ಅಹಮದಾಬಾದಿನ ಕಾರು

ಇದಕ್ಕೆ ಎರಡು ವರ್ಷ ಮೊದಲು, 1915ರ ಮೇ 25ರಂದು, ಗಾಂಧೀಜಿ ಅಹಮದಾಬಾದಿನ ಕೋಚರಬ್‌ನಲ್ಲಿ ಬಾಡಿಗೆ ಬಂಗಲೆಯೊಂದರಲ್ಲಿ ಆಶ್ರಮ ತೆರೆದಿದ್ದರು. ಕೆಲವು ತಿಂಗಳಲ್ಲಿ ಠಕ್ಕರ್ ಬಾಪಾ ಅವರ ಕಾಗದ ಬಂತು: ಒಂದು ಅಸ್ಪೃಶ್ಯ ಕುಟುಂಬ ಆಶ್ರಮ ಸೇರಬೇಕೆಂದಿದೆ. ದೂದಾಭಾಯಿ, ಹೆಂಡತಿ ದಾನೀಬೆನ್, ಇನ್ನೂ ತೆವಳುವ ವಯಸ್ಸಿನ ಮಗಳು ಲಕ್ಷ್ಮಿ ಬಂದರು. ಕಸ್ತೂರಬಾ ಸೇರಿದಂತೆ ಆಶ್ರಮದ ಹೆಂಗಸರಿಗೆ ಇದು ಸರಿಬರಲಿಲ್ಲ. ಬಾವಿಯ ಕಪಿಲೆ ಹೊಡೆಯುವವನು ಬೈಯತೊಡಗಿದ. ದುಡ್ಡು ಕೊಡುತ್ತಿದ್ದವರೆಲ್ಲ ನಿಲ್ಲಿಸಿದರು. ಬರುವ ತಿಂಗಳಿಗೆ ಕೈಯಲ್ಲಿ ಏನೂ ಇಲ್ಲ ಎಂದು ಮಗನ್‌ಲಾಲ್ ಬಂದು ಹೇಳಿದರು. ಹಾಗಾದರೆ ಅಸ್ಪೃಶ್ಯರ ಕೇರಿಗೇ ಹೋಗಿ ಇರೋಣ ಎಂಬುದು ಗಾಂಧೀಜಿಯ ಉತ್ತರ.

ಒಂದು ಬೆಳಗ್ಗೆ ಆಶ್ರಮದ ಮುಂದೆ ಕಾರೊಂದು ಬಂದು ನಿಂತಿತು. ಒಳಗಿದ್ದ ಸೇಠ್, ಸಹಾಯ ಮಾಡಿದರೆ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು. ಮರುದಿನ ಅದೇ ಹೊತ್ತಿಗೆ ಹಾರ್ನ್ ಕೇಳಿಸಿತು. ಸೇಠ್ ಒಳಗೆ ಬರಲಿಲ್ಲ. ಗಾಂಧೀಜಿಯ ಕೈಗೆ 13,000 ರೂಪಾಯಿಯ ನೋಟು ಕೊಟ್ಟು ಹೊರಟೇಹೋದರು. ಸುಮಾರು ಒಂದು ವರ್ಷದ ಖರ್ಚು ಕಳೆಯಿತು. ಕೊನೆಯ ಗಳಿಗೆಯಲ್ಲಿ ದೇವರು ನೆರವು ಕಳಿಸಿದ ಎಂದೇ ಗಾಂಧೀಜಿ ತಿಳಿದರು. ಆತ್ಮಕಥೆಯಲ್ಲಿ ಸೇಠರ ಹೆಸರು ಹೇಳಲಿಲ್ಲ.

ಅದೃಷ್ಟ ಎಂಬ ಪದವನ್ನು ಬಿಡಿಸಿದರೆ ಸಿಗುವುದು ಇಷ್ಟೇ: ಕಾಣದ್ದು. ಕೋಚರಬ್‌ನ ಕಾರಿನಲ್ಲಿ ಕೂತಿದ್ದ ಕಾಣದ ಸೇಠ್ ಗಿರಣಿ ಮಾಲೀಕ ಅಂಬಾಲಾಲ್ ಸಾರಾಭಾಯಿ ಎಂದು ನಂತರದವರು ಗುರುತಿಸಿದ್ದಾರೆ. ಗಾಂಧೀಜಿಯ ನಂಬಿಕೆ ಸುಳ್ಳಾಯಿತು ಎಂದು ಇದರ ಅರ್ಥವಲ್ಲ. ಆ ನಂಬಿಕೆ ಮಾಡಿದ ಕೆಲಸ ಇನ್ನೊಂದು: ದುಡ್ಡು ಬರುತ್ತದೋ ಇಲ್ಲವೋ ಗೊತ್ತಿಲ್ಲದಾಗಲೂ ದೂದಾಭಾಯಿಯ ಕುಟುಂಬವನ್ನು ಆಚೆ ಕಳಿಸದಂತೆ ಅದು ಹಿಡಿದು ನಿಲ್ಲಿಸಿತು. ದುಡ್ಡು ಬಂದದ್ದು ಮಾತ್ರ ಒಬ್ಬ ಮನುಷ್ಯನ ನಿರ್ಧಾರದಿಂದ.

ಆ ಮನುಷ್ಯ ಮುಂದಿನ ಸಲ ಇಲ್ಲ ಎನ್ನಲೂ ಬಲ್ಲ. 1917ರಲ್ಲಿ ಅಹಮದಾಬಾದಿಗೆ ಪ್ಲೇಗ್ ಬಂದಾಗ ಕೂಲಿಗಳು ಊರು ಬಿಡದಿರಲೆಂದು ಗಿರಣಿಗಳು ಹೆಚ್ಚುವರಿ ಬೋನಸ್ ಕೊಟ್ಟವು. ಪ್ಲೇಗ್ ಇಳಿಯಿತು, ಬೋನಸ್ ನಿಲ್ಲಿಸುವ ಮಾತು ಬಂತು, ಬೆಲೆಗಳು ಇಳಿಯಲಿಲ್ಲ. 1918ರಲ್ಲಿ ನೇಕಾರರು ಶೇಕಡಾ 35ರ ಏರಿಕೆ ಕೇಳಿದರು, ಮಾಲೀಕರು 20ಕ್ಕಿಂತ ಮೇಲೆ ಹೋಗಲಿಲ್ಲ. ಮಾಲೀಕರ ಮುಂದಾಳು ಇದೇ ಅಂಬಾಲಾಲ್. ಕೂಲಿಗಳ ಕಡೆ ನಿಂತವರು ಅವರ ಅಕ್ಕ ಅನಸೂಯಾಬೆನ್ ಮತ್ತು ಗಾಂಧೀಜಿ. ಗಿರಣಿಗಳು ಬೀಗ ಹಾಕಿದವು, ಹಸಿದ ಕೂಲಿಗಳ ಪಟ್ಟು ಸಡಿಲವಾಯಿತು, ಗಾಂಧೀಜಿ ಮೂರು ದಿನ ಉಪವಾಸ ಕೂತರು. ಕಡೆಗೆ ವಿಷಯ ಮಧ್ಯಸ್ಥರಾದ ಆನಂದಶಂಕರ ಧ್ರುವ ಅವರ ಮುಂದೆ ಹೋಯಿತು, ಅವರು 35ನ್ನೇ ಎತ್ತಿಹಿಡಿದರು. ಸೇಠರ ಔದಾರ್ಯ ಆಶ್ರಮವನ್ನು ಒಂದು ವರ್ಷ ಉಳಿಸಿತ್ತು. ಗಿರಣಿಯ ಕೂಲಿಗೆ ಬೇಕಾಗಿದ್ದು ಔದಾರ್ಯವಲ್ಲ, ತೀರ್ಪು.

ಸೂರತ್‌ನ ಚರಂಡಿ

ಪ್ಲೇಗ್ ಎಂದರೆ ಹಿಂದೆ ವಿಧಿಯಾಟವೆಂದೇ ಲೆಕ್ಕ. 1898ರಲ್ಲಿ ಬೆಂಗಳೂರಿಗೆ ಬಂದಾಗ ಜನ ಪ್ಲೇಗ್ ಮಾರಮ್ಮನಿಗೆ ಗುಡಿ ಕಟ್ಟಿದರು. ಇಕ್ಕಟ್ಟಾದ ಪೇಟೆಯ ಆಚೆ ಬಸವನಗುಡಿ, ಮಲ್ಲೇಶ್ವರದ ಅಗಲ ರಸ್ತೆಗಳ ಬಡಾವಣೆಗಳು ಬೆಳೆದದ್ದೂ ಆ ಪ್ಲೇಗಿನ ಹಿಂದೆಯೇ. ಗುಡಿ ಭಯಕ್ಕೆ ಮದ್ದಾಯಿತು, ರಸ್ತೆ ರೋಗಕ್ಕೆ.

1934ರ ಜನವರಿ 15ರಂದು ಬಿಹಾರದಲ್ಲಿ ಭೂಕಂಪವಾದಾಗ, ಇದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದು ಗಾಂಧೀಜಿ ಹೇಳಿದರು. ರವೀಂದ್ರನಾಥ ಟ್ಯಾಗೋರರು ಬಹಿರಂಗವಾಗಿ ವಿರೋಧಿಸಿದರು: ನಿಸರ್ಗದ ಘಟನೆಗೆ ನೀತಿಯ ಕಾರಣ ಹಚ್ಚಿದರೆ ಜನರ ಮೂಢನಂಬಿಕೆಗೆ ಬಲ ಬರುತ್ತದೆ ಎಂಬುದು ಅವರ ಆತಂಕ. ಕೋಚರಬ್‌ನಲ್ಲಿ ಕಾಲೂರಿ ನಿಲ್ಲಲು ನೆರವಾದ ನಂಬಿಕೆಯೇ ಇಲ್ಲಿ, ಮನೆ ಕುಸಿದು ಸತ್ತವರ ಮೇಲೆ ತಪ್ಪು ಹೊರಿಸಿದಂತೆ ಕೇಳಿಸಿತು.

1994ರ ಸೆಪ್ಟೆಂಬರಿನಲ್ಲಿ ಸೂರತ್‌ಗೆ ಪ್ಲೇಗ್ ಬಂದಾಗ ಈ ಎಲ್ಲ ಮಾತುಗಳೂ ಮರಳಿ ಬಂದವು. ಆ ವರ್ಷದ ಮಳೆಗೆ ಊರಿನ ತಗ್ಗು ಪ್ರದೇಶಗಳಲ್ಲಿ ನೀರು ನಿಂತಿತ್ತು. ಸತ್ತ ದನಕರು, ಎತ್ತದ ಕಸ, ತುಂಬಿದ ಚರಂಡಿ. ವಜ್ರ ಉಜ್ಜುವ ಕಾರ್ಖಾನೆಗಳಿಗೂ ಮಗ್ಗಗಳಿಗೂ ಸೌರಾಷ್ಟ್ರ, ಮಹಾರಾಷ್ಟ್ರ, ಒಡಿಶಾದಿಂದ ಬಂದವರು ಒತ್ತೊತ್ತಾಗಿ ಬದುಕುತ್ತಿದ್ದರು. ಸುದ್ದಿ ಹಬ್ಬಿದ ಕೆಲವೇ ದಿನಗಳಲ್ಲಿ ಲಕ್ಷಾಂತರ ಜನ ರೈಲು, ಬಸ್ಸು ಹತ್ತಿ ಊರು ಬಿಟ್ಟರು. ಖಾಸಗಿ ವೈದ್ಯರಲ್ಲೂ ಹಲವರು ಹೊರಟುಹೋದರು. ಟೆಟ್ರಾಸೈಕ್ಲಿನ್ ಮಾತ್ರೆಗೆ ನೂಕುನುಗ್ಗಲು. ಸತ್ತವರು ಐವತ್ತಕ್ಕೂ ಹೆಚ್ಚು.

1995ರ ಮೇನಲ್ಲಿ ಎಸ್.ಆರ್. ರಾವ್ ಮಹಾನಗರ ಪಾಲಿಕೆಯ ಕಮಿಷನರ್ ಆಗಿ ಬಂದರು. ಊರನ್ನು ಆರು ವಲಯ ಮಾಡಿ ಪ್ರತಿ ವಲಯದ ಅಧಿಕಾರಿಗೆ ನಿರ್ಧಾರ ತೆಗೆದುಕೊಳ್ಳುವ ಅಧಿಕಾರ ಕೊಟ್ಟರು. ಎ.ಸಿ. ಕೋಣೆ ಬಿಟ್ಟು ಅಧಿಕಾರಿಗಳು ಬೆಳಗ್ಗೆ ಬೀದಿಯಲ್ಲಿರಬೇಕಾಯಿತು. ಮುಖ್ಯ ರಸ್ತೆಗಳನ್ನು ರಾತ್ರಿಯೂ ಗುಡಿಸಿದರು. ಕಸ ಎಸೆದವರಿಗೆ ದಂಡ ಬಿತ್ತು. ಅಕ್ರಮ ಕಟ್ಟಡಗಳನ್ನು ಕೆಡವುವಾಗ ಬಲಾಢ್ಯರದನ್ನೂ ಬಿಡಲಿಲ್ಲ. ಕೊಳೆಗೇರಿಗಳಿಗೆ ನೀರು, ಶೌಚಾಲಯ, ಕಲ್ಲುಹಾಸು ಬಂದವು. 1996ರಲ್ಲಿ ಇಂಟ್ಯಾಕ್ ಸಂಸ್ಥೆ ಸೂರತ್ ಅನ್ನು ದೇಶದ ಎರಡನೆಯ ಸ್ವಚ್ಛ ನಗರ ಎಂದು ಹೆಸರಿಸಿತು.

ಸೂರತ್‌ನ ಜನರ ಸ್ವಭಾವ ಎರಡು ವರ್ಷದಲ್ಲಿ ಬದಲಾಗಲಿಲ್ಲ, ಹಣೆಬರಹವನ್ನು ಯಾರೂ ಅಳಿಸಿ ಬರೆಯಲಿಲ್ಲ. ಇದ್ದ ಜನರೇ, ಇದ್ದ ಪಾಲಿಕೆ ನೌಕರರೇ. ಒಬ್ಬ ಅಧಿಕಾರಿಯ ಹಟದ ಪಾಲು ದೊಡ್ಡದು, ನಿಜ. ಅಂಥವರು ಸಿಕ್ಕಿದ್ದನ್ನು ಊರಿನ ಅದೃಷ್ಟ ಎಂದವರೂ ಇದ್ದರು. ಆದರೆ ವರ್ಗವಾಗಿ ಹೋದ ಮೇಲೂ ಉಳಿಯುವುದು ಅಧಿಕಾರಿಯ ಹಟವಲ್ಲ, ಅವರು ರೂಢಿ ಮಾಡಿಸಿದ ಕ್ರಮ: ಯಾವ ಬೀದಿ ಯಾರ ಹೊಣೆ, ಎಷ್ಟು ಹೊತ್ತಿಗೆ ಕಸ ಎತ್ತಬೇಕು ಎಂಬುದು.

ಒಂದು ಪದ, ಎರಡು ಅರ್ಥ

ಕನ್ನಡದಲ್ಲಿ ವಿಧಿ ಎಂದರೆ ಹಣೆಬರಹ. ವಿಧಿ ಎಂದರೆ ನಿಯಮವೂ ಹೌದು. ಮನುಷ್ಯನ ಕೈಯಲ್ಲಿಲ್ಲದ್ದು ಒಂದು, ಮನುಷ್ಯರೇ ಕೂತು ಬರೆಯುವಂಥದು ಇನ್ನೊಂದು. ಸಂವಿಧಾನದ ಅನುಚ್ಛೇದಗಳನ್ನು ಕನ್ನಡ ಪತ್ರಿಕೆಗಳು ವಿಧಿ ಎಂದೇ ಕರೆಯುತ್ತವೆ.

1948ರ ನವೆಂಬರ್ 29ರಂದು ಸಂವಿಧಾನ ಸಭೆ ಅಸ್ಪೃಶ್ಯತೆಯನ್ನು ರದ್ದು ಮಾಡುವ ವಿಧಿಯನ್ನು ಅಂಗೀಕರಿಸಿತು. ಈಗ ಅದು 17ನೇ ವಿಧಿ. ಕರಡು ಸಮಿತಿಯ ಅಧ್ಯಕ್ಷರು, ಮೂವತ್ತೊಂದು ವರ್ಷ ಹಿಂದೆ ಬರೋಡಾದಲ್ಲಿ ಕೋಣೆ ಸಿಗದೆ ರೈಲಿಗೆ ಕಾದು ಕೂತಿದ್ದ ಅದೇ ಅಂಬೇಡ್ಕರ್. ಅವರ ಹಟವಿಲ್ಲದೆ ಇದು ಆಗುತ್ತಿರಲಿಲ್ಲ. ಕವಳಾಣಾದ ಹುಡುಗನ ನಸೀಬಿಲ್ಲದೆ ಅವರು ಕೊಲಂಬಿಯಾ ನೋಡುತ್ತಿದ್ದರೋ ಇಲ್ಲವೋ. ಆದರೆ ಹಟ, ನಸೀಬು ಎರಡೂ ಒಬ್ಬೊಬ್ಬರಿಗೇ ಸಿಗುವಂಥವು. ಎರಡೂ ಸಿಕ್ಕಿದ್ದ ಅಂಬೇಡ್ಕರ್ ಅವರಿಗೇ 1917ರಲ್ಲಿ ತಲೆಯ ಮೇಲೊಂದು ಸೂರು ಸಿಗಲಿಲ್ಲ. ಅವರಷ್ಟು ಹಟ, ನಸೀಬು ಇಲ್ಲದವರೂ ಒಂದು ರಾತ್ರಿ ತಂಗಲು ಜಾಗ ಕೇಳಬಲ್ಲಂತಾಗಬೇಕಾದರೆ ನಿಯಮವೇ ಬೇಕಿತ್ತು.

ಕಾಮಾಟಿ ಬಾಗ್‌ನಲ್ಲಿ ಅಂಬೇಡ್ಕರ್ ಕೂತಿದ್ದ ನೆನಪಿನ ಜಾಗವನ್ನು ಜನ ಈಗ ಸಂಕಲ್ಪ ಭೂಮಿ ಎನ್ನುತ್ತಾರೆ. ಪ್ರತಿವರ್ಷ ಸೆಪ್ಟೆಂಬರ್ 23ರಂದು ಅಲ್ಲಿ ಸೇರುತ್ತಾರೆ. ಹಾಗೆ ಸೇರುವುದಕ್ಕೆ ನೆನಪೊಂದೇ ಕಾರಣವಲ್ಲ. ವಿಧಿಯನ್ನು ಬರೆದರೆ ಮುಗಿಯಲಿಲ್ಲ, ಸೂರತ್‌ನ ಬೀದಿಯಂತೆ ಅದನ್ನೂ ದಿನಾ ನೋಡಿಕೊಳ್ಳಬೇಕು. ಬಾಡಿಗೆ ಮನೆ ಕೇಳಲು ಹೋದವರಿಗೆ 'ನೀವು ಯಾವ ಜನ?' ಎಂಬ ಪ್ರಶ್ನೆ ಬೆಂಗಳೂರಿನಲ್ಲೂ ಇನ್ನೂ ಕೇಳಿಬರುತ್ತದೆ.